ಮೇದಿಯಾಳ ಹೆಸರಿಗೆ ಬಿಯರ್

ವಾನಿಯ ಝುಝುನಾಗೆ ಎರಡು ಭಾಷೆ ಬರುತ್ತಿತ್ತು. ಜಾರ್ಜಿಯಾದ ಮಾತನ್ನು ತಾಯಿ ಕಲಿಸಿದ್ದಳು, ಗ್ರೀಕರ ಮಾತನ್ನು ಹೊಟ್ಟೆ ಕಲಿಸಿತ್ತು. ಐವತ್ತೆರಡು ವರ್ಷ ಎರಡರಲ್ಲೂ ಆಕೆ ಸತ್ಯವನ್ನೇ ಹೇಳಿಕೊಂಡು ಬಂದಿದ್ದಳು, ಯಾಕೆಂದರೆ ಆಕೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮಗಳ ಮದುವೆಯ ಹಿಂದಿನ ದಿನ, ಅಕ್ಟೋಬರಿನ ಒಂದು ಶನಿವಾರ, ಹಾಡುಹಗಲಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ ನಲವತ್ತಮೂರು ಜನರ ಎದುರು ಆಕೆ ಒಂದೇ ಸಮನೆ ಒಂದೂವರೆ ಗಂಟೆ ಸುಳ್ಳು ಹೇಳಿದಳು. ಅಷ್ಟು ಸೊಗಸಾದ ಸುಳ್ಳನ್ನು ಆ ಕಣಿವೆಯಲ್ಲಿ ಓಟು ಕೇಳಲು ಬಂದವರೂ ಹೇಳಿರಲಿಲ್ಲ.

ಅವಳು ಹುಟ್ಟಿದ ಮನೆ ವಾನಿಯ ಗುಡ್ಡದ ಬುಡದಲ್ಲಿದೆ. ಗುಡ್ಡದ ಹೊಟ್ಟೆಯಲ್ಲಿ ಹಳೆಯ ಕೋಲ್ಖೇತಿಯ ದೊರೆಗಳೂ ದೊರೆಸಾನಿಯರೂ ಮೈತುಂಬ ಚಿನ್ನ ಹೇರಿಕೊಂಡು ಮಲಗಿದ್ದರು. ಪ್ರತಿ ಬೇಸಿಗೆಯಲ್ಲೂ ನಗರದಿಂದ ಅಗೆಯುವವರು ಬಂದು ಅವರನ್ನು ಎಬ್ಬಿಸುತ್ತಿದ್ದರು. ಹದಿನಾರರ ಝುಝುನಾ ಅಲ್ಲಿ ಒಡೆದ ಮಡಕೆಯ ಬೋಕಿ ತೊಳೆಯುವ ಕೆಲಸಕ್ಕೆ ಸೇರಿದಳು. ಚಿನ್ನ ಸಿಕ್ಕ ದಿನ ನಗರದವರು ಅದನ್ನು ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಗಿಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬೋಕಿ ಸಿಕ್ಕ ದಿನ "ಝುಝುನಾ, ಬಕೀಟು ತಾ" ಎನ್ನುತ್ತಿದ್ದರು. ಎರಡು ಸಾವಿರ ವರ್ಷದ ಹಿಂದಿನ ದ್ರಾಕ್ಷಾರಸದ ಹಂಡೆಗಳ ತಳವನ್ನು ಬ್ರಷ್ಷಿನಿಂದ ಉಜ್ಜಿ ಉಜ್ಜಿ ಅವಳಿಗೆ ಒಂದು ಸಂಗತಿ ಖಚಿತವಾಯಿತು. ಆ ದೊರೆಗಳು ಕುಡಿದು ಬಿಟ್ಟದ್ದನ್ನು ಆಗಲೂ ಯಾವಳೋ ಒಬ್ಬಳು ತೊಳೆದಿದ್ದಳು, ಮತ್ತು ಅವಳ ಗೋರಿಯನ್ನು ಯಾರೂ ಅಗೆಯಲು ಬಂದಿರಲಿಲ್ಲ.

ಮದುವೆಯಾಯಿತು. ಇಯಾ ಎಂಬ ಮಗಳಾದಳು. ಗಂಡ ಕೆಲಸ ಹುಡುಕಿಕೊಂಡು ರಷ್ಯಾಕ್ಕೆ ಹೋದವನು ಅಲ್ಲಿಯೇ ಇನ್ನೊಂದು ಒಲೆ ಹೂಡಿದ. ಊರು ಅವನ ಬಗ್ಗೆ "ಪಾಪ, ಗಂಡಸು, ಒಬ್ಬನೇ ಎಷ್ಟು ದಿನ ಅಂತ ಇರ್ತಾನೆ" ಎಂದಿತು. ಶಾಲೆಯ ಅಡುಗೆಮನೆಯಲ್ಲಿ ಬೀನ್ಸ್ ಬೇಯಿಸಿ ಮಗಳನ್ನು ಸಾಕಲಾಗದೆ, ಇಯಾಗೆ ಹತ್ತು ತುಂಬಿದ ವರ್ಷ, ಝುಝುನಾ ಮಗುವನ್ನು ಅಣ್ಣ ವಾರ್ದೆನ್‌ನ ಮನೆಯಲ್ಲಿ ಬಿಟ್ಟು ಗ್ರೀಸಿನ ಬಸ್ಸು ಹತ್ತಿದಳು. ವೋಲೋಸ್ ಎಂಬ ಬಂದರಿನಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಎವಾಂಥಿಯಾ ಎಂಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಊರು ಇವಳಿಗೆ "ಪಾಪ" ಅನ್ನಲಿಲ್ಲ. "ಹೆತ್ತ ಮಗಳನ್ನ ಬಿಟ್ಟು ಓಡಿಹೋದ್ಲು" ಎಂದಿತು. ಓಡಿಹೋದವಳು ಕಳಿಸಿದ ಹಣದಲ್ಲೇ ಆ ಮನೆಯ ಸೋರುವ ಮಾಡು ಹೊಸದಾಯಿತು ಎಂಬುದನ್ನು ಆ ಮಾಡಿನ ಕೆಳಗೆ ಕುಳಿತು ಮಾತಾಡಿದವರೂ ಮರೆತರು.

ಮೊದಲ ವಾರವೇ ವೋಲೋಸಿನ ಮುದುಕಿ ಸೂಪು ಕುಡಿಯುತ್ತ ಕೇಳಿದ್ದಳು, "ನೀನು ಆ ಪುರಾಣದ ಮೇದಿಯಾ ಊರೋಳಲ್ವಾ? ಹೆತ್ತ ಮಕ್ಕಳನ್ನೇ ಕೊಂದೋಳು?"

ಝುಝುನಾ ಚಮಚವನ್ನು ಬಟ್ಟಲಿಗೆ ಎಸೆದಳು. ಆಗ ಅವಳಿಗೆ ಬರುತ್ತಿದ್ದದ್ದು ಮೂವತ್ತು ಗ್ರೀಕ್ ಪದ. ಅಷ್ಟೂ ಪದಗಳನ್ನು ಜೋಡಿಸಿ, "ಅವಳು ಕೊಲ್ಲಿಲ್ಲ. ಊರೋರು ಕೊಂದ್ರು. ಅವಳ ಮೇಲೆ ಹಾಕಿದ್ರು. ಸೂಪು ನೀನೇ ಕುಡಿ" ಎಂದಳು. ಮುದುಕಿ ಗದ್ದದ ಮೇಲಿನ ಸೂಪು ಒರೆಸಿಕೊಂಡು ಗಹಗಹಿಸಿ ನಕ್ಕಳು. ಆ ದಿನದಿಂದ ಇಬ್ಬರಿಗೂ ಗಳಸ್ಯಕಂಠಸ್ಯ.

ಇತ್ತ ವಾನಿಯಲ್ಲಿ ಅಣ್ಣ ವಾರ್ದೆನ್ ಸುತ್ತ ಏಳೂರಿಗೆ ಹೆಸರುವಾಸಿಯಾದ ತಮಾಡಾ, ಅಂದರೆ ಔತಣದ ಮೇಜಿನ ದೊರೆ. ಅವನು ಎದ್ದು ಹಾರೈಸಿದ ಮೇಲೆಯೇ ಉಳಿದವರು ಲೋಟ ಎತ್ತಬೇಕು, ಎತ್ತಿದ್ದನ್ನು ತಳ ಕಾಣುವವರೆಗೆ ಕುಡಿಯಬೇಕು. ಮೊದಲು ದೇವರಿಗೆ, ಆಮೇಲೆ ಶಾಂತಿಗೆ, ಸತ್ತವರಿಗೆ, ಬಂಡೆಗೆ ಸಂಕೋಲೆ ಬಿಗಿಸಿಕೊಂಡ ಅಮಿರಾನಿಗೆ, ಬೆಂಕಿಯುಗುಳುವ ಹೋರಿಗಳಿಂದ ಉಳುಮೆ ಮಾಡಿಸಿದ ಆಯೆತಿ ದೊರೆಗೆ, ತಾಮಾರ್ ರಾಣಿಗೆ. ಏಳನೆಯದು ಆಯೆತಿಯ ಮಗಳು ಮೇದಿಯಾಗೆ. ಅದಕ್ಕೆ ಲೋಟ ಸಾಲದು, ಮೊಳದುದ್ದದ ಕೊಂಬು ಬೇಕು. ಹಡಗಿನಲ್ಲಿ ಬಂದ ಗ್ರೀಕ್ ವೀರ ಇಯಾಸೋನ್ ಬಂಗಾರದ ಕುರಿದೊಗಲು ಕದ್ದು, ಅವಳನ್ನೂ ಕರೆದೊಯ್ದು ಕೈಬಿಟ್ಟ ಕತೆ, ಮಕ್ಕಳನ್ನು ಕೊಂದಳೆಂದು ಪರದೇಶದವರು ಹೊರಿಸಿದ ಅಪವಾದ, ಎಲ್ಲವನ್ನೂ ವಾರ್ದೆನ್ ಕಣ್ಣೀರು ಸುರಿಸಿ ಹೇಳುತ್ತಿದ್ದ. ಗಂಡಸರು ಮೂಗು ಒರೆಸಿಕೊಂಡು ಕೊಂಬು ಬರಿದು ಮಾಡುತ್ತಿದ್ದರು. ಆಮೇಲೆ ಅದೇ ಒದ್ದೆ ಕಣ್ಣಿನಲ್ಲಿ ಅದೇ ವಾರ್ದೆನ್ ಪಕ್ಕದವನಿಗೆ ಹೇಳುತ್ತಿದ್ದ: "ನಮ್ಮನೇಲೂ ಒಬ್ಬಳಿದಾಳೆ, ತಂಗಿ. ಮಗಳನ್ನ ನನ್ನ ಬಾಗಿಲಿಗೆ ಹಾಕಿ ಹೋದ್ಲು." ಮೂರು ಸಾವಿರ ವರ್ಷದ ಹಿಂದಿನ ಹೆಣ್ಣಿಗೆ ನ್ಯಾಯ ಕೊಡಿಸುವುದು ಸುಲಭ. ಅವಳು ಎದ್ದು ಬಂದು ತಟ್ಟೆ ಯಾರು ತೊಳೆಯುತ್ತೀರಿ ಎಂದು ಕೇಳುವುದಿಲ್ಲ.

ಆದರೆ ಅದೇ ವಾರ್ದೆನ್ ಇಯಾಳನ್ನು ಕಣ್ಣರೆಪ್ಪೆಯಂತೆ ಸಾಕಿದ್ದ ಎಂಬುದೂ ನಿಜ. ಜ್ವರ ಬಂದಾಗ ಹಿಮದಲ್ಲಿ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ನಡೆದಿದ್ದ, ಜಡೆ ಹೆಣೆಯುವುದನ್ನು ಕಲಿತಿದ್ದ. ಒಂಬತ್ತು ವರ್ಷದ ಮೇಲೆ ಝುಝುನಾ ಮರಳಿ ಬಂದಾಗ ಇಯಾ ತಾಯಿಯನ್ನು ತಬ್ಬಿ ಅತ್ತಳು, ಆಮೇಲೆ ಊಟಕ್ಕೆ ಮಾವನ ಪಕ್ಕ ಹೋಗಿ ಕುಳಿತಳು. ಝುಝುನಾಗೆ ನೋವಾಯಿತು, ಅದು ಸರಿ ಎಂದೂ ಅನ್ನಿಸಿತು.

ಐದು ವರ್ಷ ಕಳೆದ ಮೇಲೆ ಎವಾಂಥಿಯಾಳ ಮೊಮ್ಮಗ ಸ್ಟೆರ್ಗಿಯೋಸ್, ಅಜ್ಜಿ ಕಳಿಸಿದ ಪೊಟ್ಟಣವೊಂದನ್ನು ಮೋಟಾರ್ ಸೈಕಲ್ಲಿನಲ್ಲಿ ಕಟ್ಟಿಕೊಂಡು ವಾನಿಗೆ ಬಂದ. ಪೊಟ್ಟಣ ಕೊಟ್ಟು ಹೋಗಬೇಕಾದವನು ದ್ರಾಕ್ಷಿ ಕೊಯ್ಲು ಮುಗಿಯುವವರೆಗೂ ಹೋಗಲಿಲ್ಲ. ಇಯಾ ಅವನಿಗೆ ಜಾರ್ಜಿಯಾದ ಮಾತು ಕಲಿಸಿದಳು, ಅವನು ಇವಳಿಗೆ ಗ್ರೀಕ್ ಕಲಿಸಿದ. ಇಬ್ಬರೂ ಕಲಿತದ್ದು ಬೇಗ, ಯಾಕೆಂದರೆ ಪಾಠ ನಡೆಯುತ್ತಿದ್ದದ್ದು ದ್ರಾಕ್ಷಿ ಬಳ್ಳಿಗಳ ಹಿಂದೆ. ಮರುವರ್ಷ ಮದುವೆಯಾಗಿ ವೋಲೋಸಿನಲ್ಲಿ ಇರುವುದೆಂದು ಇಬ್ಬರೂ ನಿಶ್ಚಯಿಸಿದರು.

ವಾರ್ದೆನ್ ಹೌಹಾರಿದ. "ವೋಲೋಸಾ? ಇಯಾಸೋನ್ ಹಡಗು ಹೊರಟಿತಲ್ಲ, ಅದೇ ಊರಲ್ವೇನೇ ಅದು? ಜಗತ್ತಲ್ಲಿ ಬೇರೆ ಊರೇ ಸಿಗಲಿಲ್ವಾ ನಿಮಗೆ?"

"ಅಣ್ಣಾ, ಅವನು ಬಂದಿದ್ದು ಬೈಕಲ್ಲಿ" ಎಂದಳು ಝುಝುನಾ.

"ಚಕ್ರ ಇದ್ದರೇನು, ಹುಟ್ಟು ಇದ್ದರೇನು, ಕಳ್ಳ ಕಳ್ಳನೇ."

ಇಯಾ ಮಾವನ ಮುಂದೆ ಮಂಡಿಯೂರಿ ಕುಳಿತು, "ಮಾವಾ, ನೀನು ಮೇಜಿನ ಮುಂದೆ ಎದ್ದು ನಿಂತು ಹರಸಿದರೆ ನಾನು ಭಾನುವಾರ ಚರ್ಚಿನಲ್ಲಿ ಮದುವೆ ಕಿರೀಟದ ಕೆಳಗೆ ನಿಲ್ತೀನಿ. ಹರಸಲಿಲ್ಲ ಅಂದ್ರೆ ಇಲ್ಲ. ಅವನಿಗೂ ಹೇಳಿಬಿಟ್ಟಿದೀನಿ" ಎಂದಳು. ಇಷ್ಟು ಹೇಳಿ ಎದ್ದು ಹೋದಳು.

ವಾರ್ದೆನ್ ಒಪ್ಪಿದ. ಷರತ್ತು ಹಾಕಿ ಒಪ್ಪಿದ. "ಹರಸ್ತೀನಿ. ಆದರೆ ಕೊನೇಗೆ. ಮೊದಲು ಎಲ್ಲಾ ಹಾರೈಕೆ ಅದರದರ ಕ್ರಮದಲ್ಲೇ ಆಗಬೇಕು. ಏಳನೇದೂ ಆಗಬೇಕು. ಮೇದಿಯಾ ಕತೆ ಅವರ ಮುಖಕ್ಕೆ ಹೇಳ್ತೀನಿ. ಅವರಲ್ಲಿ ಹಿರಿಯರು ಯಾರಿದಾರೋ ಅವರಿಗೇ ಅಲಾವೆರ್ದಿ ಕೊಡ್ತೀನಿ."

ತಮಾಡಾ ತನ್ನ ಹಾರೈಕೆಯನ್ನು ಇನ್ನೊಬ್ಬರ ಕೈಗೆ ದಾಟಿಸುವುದೇ ಅಲಾವೆರ್ದಿ. ದಾಟಿಸಿಕೊಂಡವರು ಎದ್ದು ಮಾತು ಮುಂದುವರಿಸಲೇಬೇಕು. ಬೇಡ ಅನ್ನುವ ಹಾಗಿಲ್ಲ, ಕಸಿದುಕೊಳ್ಳುವ ಹಾಗಿಲ್ಲ. ಆ ಕೊಂಬು ಬರಿದಾಗುವ ತನಕ ಮೇಜು ಬಿಟ್ಟು ಯಾರೂ ಏಳಬಾರದು ಎಂಬುದು ವಾರ್ದೆನ್‌ನ ಮೇಜಿನ ಕಾನೂನು.

"ಅಣ್ಣಾ, ಅದೊಂದನ್ನ ಬಿಟ್ಟುಬಿಡು" ಎಂದು ಝುಝುನಾ ಕೈಮುಗಿದಳು.

"ತಮಾಡಾ ಹಾರೈಕೆ ಬಿಡೋದೂ ಒಂದೇ, ಪಾದ್ರಿ ಮಂತ್ರ ಬಿಡೋದೂ ಒಂದೇ. ನೀನು ಪಕ್ಕದಲ್ಲಿ ನಿಂತು ಒಂದಕ್ಷರ ಬಿಡದೆ ಅವರಿಗೆ ಹೇಳು, ಅಷ್ಟೇ."

ಶನಿವಾರ ಬಂತು. ಗ್ರೀಕರು ಎಂಟು ಜನ ಬಂದರು. ಗಾಲಿಕುರ್ಚಿಯಲ್ಲಿ ಎಂಬತ್ತಾರರ ಎವಾಂಥಿಯಾ, ಮಡಿಲಲ್ಲಿ ಊರುಗೋಲು. ಅವಳನ್ನು ತಳ್ಳಿಕೊಂಡು ಮಗ ಫೋಟಿಸ್, ಮದುಮಗನ ತಂದೆ. ಬಾಗಿಲಷ್ಟು ಅಗಲದ ಮನುಷ್ಯ. ವೋಲೋಸ್ ಬಂದರಿನಲ್ಲಿ ತೋರಿಕೆಗೆ ನಿಲ್ಲಿಸಿದ, ಇಯಾಸೋನ್‌ನ ಅರ್ಗೋ ಹಡಗಿನ ಮಾದರಿಗೆ ವರ್ಷವರ್ಷವೂ ಕರಿ ಡಾಂಬರು ಬಳಿಯುವುದು ಅವನ ಕಸುಬಿನ ಒಂದು ಭಾಗ, ಅಭಿಮಾನದ ಪೂರ್ತಿ ಭಾಗ. ಒಂದು ದೊಡ್ಡ ಡಬ್ಬ ತುಂಬ ತನ್ನ ಗಿಡದ ಆಲಿವ್ ಹೊತ್ತು ತಂದಿದ್ದ. ಬಂದವನೇ ಎಲ್ಲರ ತಟ್ಟೆಗೂ ಸುರಿದ.

ಮೇಜಿನ ಮೇಲೆ ಒಂದಿಂಚು ಜಾಗವಿರಲಿಲ್ಲ. ಚೀಸ್ ತುಂಬಿದ ಬಿಸಿ ರೊಟ್ಟಿಗಳ ಮೇಲೆ ರೊಟ್ಟಿ, ಆಕ್ರೋಟದ ಗಸಿಯಲ್ಲಿ ಮುಳುಗಿದ ಕೋಳಿ, ಪಾಲಕ್ಕಿನ ಉಂಡೆಗಳ ನೆತ್ತಿಯ ಮೇಲೆ ದಾಳಿಂಬೆಯ ಕಾಳು. ನೆಲದಲ್ಲಿ ಹೂತ ಹಂಡೆಯ ಮುಚ್ಚಳ ತೆಗೆದು ದ್ರಾಕ್ಷಾರಸ ಮೊಗೆದರು. ಮೂರನೆಯ ಲೋಟಕ್ಕೆ ಫೋಟಿಸ್‌ನ ಕಿವಿ ಕೆಂಪಾಯಿತು, ಐದನೆಯದಕ್ಕೆ ಅವನು ಹೊಟ್ಟೆ ಹಿಡಿದುಕೊಂಡ.

"ಝುಝುನಾ, ಉರೀತಿದೆ ಕಣಮ್ಮಾ. ಬಿಯರ್ ಇದ್ದರೆ ಕೊಡು" ಎಂದ ಗ್ರೀಕಿನಲ್ಲಿ.

ಅವಳು ಒಳಗಿನಿಂದ ಆರು ಬಾಟಲಿ ತಂದು ಅವನ ಕುರ್ಚಿಯ ಕೆಳಗಿಟ್ಟು, "ಕುಡಿ, ಆದರೆ ಎತ್ತಿ ಹಾರೈಸಬೇಡ" ಎಂದಳು. ಯಾಕೆಂದು ವಿವರಿಸಲು ಪುರಸೊತ್ತಿರಲಿಲ್ಲ. ವಾನಿಯಲ್ಲಿ ಬಿಯರ್ ಎತ್ತಿ ಹಾರೈಸುವುದು ಶತ್ರುವಿಗೆ ಮಾತ್ರ. ಮಿತ್ರನಿಗೆ ಬಿಯರಿನಲ್ಲಿ ಹಾರೈಸಿದರೆ ಅವನ ಅಂಗಳದಲ್ಲಿ ಉಗುಳಿದ ಹಾಗೆ.

ಅಷ್ಟರಲ್ಲಿ ವಾರ್ದೆನ್ ಆರನೆಯದನ್ನು ಶುರುಮಾಡಿದ್ದ. ಏಳನೆಯದಕ್ಕೆ ಕಾಯುವ ಸಹನೆಯೂ ಇಲ್ಲದೆ, ತಾಮಾರ್ ರಾಣಿಯ ಹೆಸರಿನಲ್ಲೇ ಬಾಣ ಬಿಟ್ಟ. "ನಮ್ಮ ರಾಣಿ ಮೊದಲ ಗಂಡ ಸರಿ ಇಲ್ಲ ಅಂತ ದೇಶದಿಂದಲೇ ಓಡಿಸಿದ್ಲು! ನಮ್ಮ ಹೆಣ್ಣುಮಕ್ಕಳಿಗೆ ಕಣ್ಣೀರು ಹಾಕಿಸಿದೋನು ಯಾವನೇ ಆಗಲಿ, ಅವನ ಹಡಗು ದಡ ಸೇರದಿರಲಿ!"

ಝುಝುನಾ ಗ್ರೀಕರ ಕಡೆ ತಿರುಗಿದಳು. ನಾಲಿಗೆ ತಾನಾಗಿ ಹೊರಳಿತು. "ನಮ್ಮಣ್ಣ ಹೇಳ್ತಿದಾನೆ, ನಿಮ್ಮ ಆಲಿವ್ ತುಂಬಾ ಚೆನ್ನಾಗಿದೆ. ಇಂಥ ಆಲಿವ್ ಈ ದಡ ಸೇರಿದ್ದು ನಮ್ಮ ಪುಣ್ಯ ಅಂತೆ."

ಎಂಟು ಗ್ರೀಕರೂ ಚಪ್ಪಾಳೆ ತಟ್ಟಿದರು. ಫೋಟಿಸ್ ಎದೆ ಮುಟ್ಟಿಕೊಂಡು ಬಗ್ಗಿದ. ಶಾಪ ಹಾಕಿದವನಿಗೆ ಚಪ್ಪಾಳೆ ಬಿದ್ದದ್ದು ಕಂಡು ವಾರ್ದೆನ್ ಕಕ್ಕಾಬಿಕ್ಕಿ. "ನೆಟ್ಟಗೆ ಹೇಳಿದ್ಯೇನೇ?"

"ಒಂದಕ್ಷರ ಬಿಟ್ಟಿಲ್ಲಣ್ಣಾ."

ಸುಳ್ಳು ಗೊತ್ತಾದದ್ದು ಇಬ್ಬರಿಗೆ ಮಾತ್ರ ಎಂದು ಝುಝುನಾ ಅಂದುಕೊಂಡಳು. ಇಯಾ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು. ಸ್ಟೆರ್ಗಿಯೋಸ್ ಬಿದ್ದ ಚಮಚ ಹುಡುಕುವ ನೆವದಲ್ಲಿ ಮೇಜಿನ ಕೆಳಗೆ ಹೋದವನು ಮೂರು ನಿಮಿಷ ಮೇಲೆ ಬರಲಿಲ್ಲ.

ಫೋಟಿಸ್ ಉತ್ತರ ಕೊಡಲು ಎದ್ದ. ಈ ಸಲ ದ್ರಾಕ್ಷಾರಸವನ್ನೇ ಎತ್ತಿದ, ಪುಣ್ಯಾತ್ಮ. "ನಾನು ಸಾಮಾನ್ಯ ಮನುಷ್ಯ. ಆದರೆ ಇಯಾಸೋನ್ ಹಡಗಿಗೆ ಡಾಂಬರು ಬಳಿಯೋದು ಈ ಕೈ! ಆ ವೀರ ನಿಮ್ಮಲ್ಲಿಂದ ಬಂಗಾರದ ಕುರಿದೊಗಲು ತಂದ. ನನ್ನ ಮಗ ಅದಕ್ಕಿಂತ ದೊಡ್ಡ ಬಂಗಾರ ತರ್ತಿದಾನೆ!"

ಇದನ್ನು ಇದ್ದ ಹಾಗೆ ಹೇಳಿದ್ದರೆ ವಾರ್ದೆನ್ ಕೋಳಿಯ ಸಮೇತ ತಟ್ಟೆಯನ್ನು ಎಸೆಯುತ್ತಿದ್ದ. ಝುಝುನಾ ಉಸಿರೆಳೆದುಕೊಂಡು, "ಅವರು ಹೇಳ್ತಾರೆ, ಆ ಇಯಾಸೋನ್ ಹಡಗಿಗೆ ನಾನು ವರ್ಷಾವರ್ಷಾ ನನ್ನ ಕೈಯಾರೆ ಮಸಿ ಬಳೀತೀನಿ ಅಂತ" ಎಂದಳು.

"ಗೌಮಾರ್ಜೋಸ್!" ಎಂಬ ಜಯಘೋಷಕ್ಕೆ ಚಪ್ಪರದಿಂದ ದ್ರಾಕ್ಷಿ ಉದುರಿತು. ವಾರ್ದೆನ್ ಎದ್ದುಬಂದು ಫೋಟಿಸ್‌ನ ಎರಡೂ ಕೆನ್ನೆಗೆ ಮುತ್ತಿಟ್ಟ. "ವರ್ಷಾವರ್ಷಾನಾ? ಭೇಷ್ ಕಣಯ್ಯಾ! ಗ್ರೀಕರಲ್ಲೂ ಮನುಷ್ಯರಿದಾರೆ!"

ಪಕ್ಕದ ಮನೆಯ ಲಾಮಾರಾ ಝುಝುನಾಳ ಏಪ್ರನ್ ಜಗ್ಗಿದಳು. ಊರಿನ ಎಲ್ಲ ಸುದ್ದಿಗೂ ಮೊದಲ ನಿಲ್ದಾಣ ಅವಳದೇ ಬಾಯಿ. "ಅಲ್ವೇ, ಅವನು ಹೇಳಿದ್ದು ಅಷ್ಟುದ್ದ. ನೀನು ಹೇಳಿದ್ದು ಇಷ್ಟೇ?"

"ಗ್ರೀಕಿನಲ್ಲಿ ಪದ ಉದ್ದ ಕಣೇ" ಎಂದು ಝುಝುನಾ ಓಡಿದಳು.

ಹೀಗೆ ಇನ್ನೂ ಒಂದು ಗಂಟೆ ಸಾಗಿತು. ಅವಳು ಒಲೆಯ ಹತ್ತಿರ ಓಡಿ ರೊಟ್ಟಿ ತಿರುವಿ ಬರುವಳು, ಅತ್ತಲಿಂದ ಬಂದ ಬೈಗುಳವನ್ನು ಹೊಗಳಿಕೆ ಮಾಡಿ ಇತ್ತ ಕೊಡುವಳು, ಇತ್ತಲಿನ ಜಂಭವನ್ನು ಕ್ಷಮಾಪಣೆ ಮಾಡಿ ಅತ್ತ ಕೊಡುವಳು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ತೊಟ್ಟೂ ಕುಡಿಯದ ಅವಳೇ ಎಲ್ಲರಿಗಿಂತ ಹೆಚ್ಚು ಅಮಲೇರಿದವಳ ಹಾಗೆ ಕಾಣುತ್ತಿದ್ದಳು. ಒಂದಾದರೂ ಮಾತು ತಪ್ಪಿದರೆ ಮಗಳ ಮದುವೆ ನೀರುಪಾಲು ಎಂದು ತಿಳಿದಿದ್ದೂ ಅವಳಿಗೆ ಒಳಗೊಳಗೇ ಕೇಕೆ ಹಾಕುವ ಹಾಗಾಗುತ್ತಿತ್ತು. ಜನ್ಮದಲ್ಲೇ ಮೊದಲ ಬಾರಿಗೆ ಗಂಡಸರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು.

ಆಗ ವಾರ್ದೆನ್ ಕೊಂಬು ತರಿಸಿದ. ಅಂಚಿನವರೆಗೂ ತುಂಬಿಸಿ ಎದ್ದು ನಿಂತ. ಧ್ವನಿ ಇಳಿಯಿತು.

"ಸೂರ್ಯನ ಮೊಮ್ಮಗಳು. ಆಯೆತಿಯ ಮಗಳು. ಗಿಡಮೂಲಿಕೆ ಬಲ್ಲ ಜಾಣೆ. ಬಂದೋರು ನಮ್ಮನೇಲಿ ಉಂಡ್ರು, ನಮ್ಮ ಹಂಡೆ ಬರಿದು ಮಾಡಿದ್ರು, ಹೋಗ್ತಾ ಮನೆ ಮಗಳನ್ನೂ ಕದ್ಕೊಂಡು ಹೋದ್ರು. ಅಲ್ಲಿ ಅವಳನ್ನ ಹಳೇ ಚಪ್ಪಲಿ ಥರ ಬಿಟ್ರು. ಮಕ್ಕಳನ್ನ ತಾವೇ ಕೊಂದು ತಾಯಿ ಕೊಂದ್ಲು ಅಂತ ಡಂಗುರ ಹೊಡೆದ್ರು. ಮೇದಿಯಾಗೆ! ಇದಕ್ಕೆ ಉತ್ತರ ಏನು ಅಂತ ಆ ಕಡೆ ಹಿರಿಯರು ಹೇಳಲಿ. ಅಲಾವೆರ್ದಿ, ಅಜ್ಜಿ, ನಿಮಗೆ!" ತಳ ಕಾಣುವಂತೆ ಕುಡಿದು ಮತ್ತೆ ತುಂಬಿಸಿದ ಕೊಂಬನ್ನು ಗಾಲಿಕುರ್ಚಿಯ ಎವಾಂಥಿಯಾಳ ಕೈಗಿಟ್ಟ.

ಝುಝುನಾ ಗ್ರೀಕರ ಕಡೆ ತಿರುಗಿ, "ಹಿರಿಯರಿಗೆ ಮರ್ಯಾದೆ ಮಾಡ್ತಿದಾನೆ. ಅಮ್ಮ ಇದನ್ನು ಕುಡೀಬೇಕಂತೆ" ಎಂದಳು.

ಫೋಟಿಸ್ ಕೊಂಬನ್ನು ನೋಡಿದ, ತಾಯಿಯನ್ನು ನೋಡಿದ. ಎಂಬತ್ತಾರರ ಮುದುಕಿ ಅಷ್ಟು ಕುಡಿದರೆ ಶವಪೆಟ್ಟಿಗೆಯಲ್ಲಿ ಹಿಂದಿರುಗಬೇಕು ಎಂದು ಅವನಿಗೆ ಗಾಬರಿಯಾಯಿತು. ಅಮ್ಮನ ಪರವಾಗಿ ತಾನೇ ಕುಡಿದರಾಯಿತು ಎಂದು ಕೈಗೆ ಸಿಕ್ಕ ಲೋಟ ಹಿಡಿದು ಧಡಕ್ಕನೆ ಎದ್ದ. ಆ ಮೇಜಿನ ಮಾತುಗಳಲ್ಲಿ ಅವನ ಕಿವಿಗೆ ಸಿಕ್ಕಿದ್ದ ಪದಗಳು ಒಟ್ಟು ಎರಡು. ಎರಡನ್ನೂ ಗಂಟಲು ಹರಿಯುವಂತೆ ಕೂಗಿದ.

"ಮೇದಿಯಾ! ಗೌಮಾರ್ಜೋಸ್!"

ಎತ್ತಿದ ಲೋಟದ ತುಂಬ ಬಿಯರ್. ಬಿಳಿಯ ನೊರೆ ಉಕ್ಕಿ ಅವನ ಮುಂಗೈ ಮೇಲೆ ಇಳಿಯುತ್ತಿತ್ತು.

ರೊಟ್ಟಿ ಮುರಿಯುತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು. ವಾರ್ದೆನ್‌ನ ಮುಖ ಮೊದಲು ಬಿಳಿಚಿತು, ಆಮೇಲೆ ಬೀಟ್‌ರೂಟಿನಂತಾಯಿತು.

"ಬಿಯರ್" ಎಂದ ಮೆಲ್ಲಗೆ. "ನನ್ನ ಮೇಜಲ್ಲಿ. ಮೇದಿಯಾಗೆ. ಬಿಯರ್." ಕುರ್ಚಿ ಹಿಂದಕ್ಕೆ ಸರಿಯಿತು. ಅವನ ಜೊತೆಗೆ ಇಪ್ಪತ್ತು ಕುರ್ಚಿ ಸರಿದವು.

ಇಯಾ ಎದ್ದು ನಿಂತಿದ್ದಳು. ಬಾಯಿಯಲ್ಲಿ ಕರವಸ್ತ್ರವಿರಲಿಲ್ಲ. "ಮಾವಾ" ಎಂದಳು. ಅವನು ಅವಳತ್ತ ನೋಡಲಿಲ್ಲ.

ಝುಝುನಾ ಬಾಯಿ ತೆರೆದಳು. ಇನ್ನೊಂದು ಸುಳ್ಳು, ಒಂದೇ ಒಂದು, ದೇವರೇ. ಆದರೆ ನೊರೆಯನ್ನು ಯಾವ ಭಾಷೆಗೆ ತಿರುಗಿಸುವುದು?

ಊರುಗೋಲು ಮೇಜಿಗೆ ಬಡಿಯಿತು. ತಟ್ಟೆಗಳು ಕುಣಿದವು. "ಕೂತ್ಕೋ ವಾರ್ದೆನ್. ಕೊಂಬು ಇನ್ನೂ ನನ್ನ ಕೈಲಿದೆ" ಎಂದಳು ಎವಾಂಥಿಯಾ.

ಹೇಳಿದ್ದು ಜಾರ್ಜಿಯಾದ ಮಾತಿನಲ್ಲಿ. ಅದೂ ವಾನಿಯ ಕಡೆಯ ರಾಗದಲ್ಲಿ, ಅಂಗಳದಲ್ಲಿ ಕೋಳಿ ಓಡಿಸುವ ಹೆಂಗಸರ ರಾಗದಲ್ಲಿ. ಕಾನೂನು ಮಾಡಿದವನು ಕಾನೂನಿಗೆ ಸಿಕ್ಕಿಬಿದ್ದು ಧೊಪ್ಪನೆ ಕುಳಿತ. ಇಪ್ಪತ್ತು ಕುರ್ಚಿಗಳೂ ಮುಂದಕ್ಕೆ ಬಂದವು.

"ಅಮ್ಮಾ!" ಝುಝುನಾಳ ಧ್ವನಿ ಕೀರಲಾಯಿತು. "ನಿಂಗೆ ಯಾವಾಗ ಬಂತು ನಮ್ಮ ಮಾತು?"

"ಒಂಬತ್ತು ವರ್ಷ ಒಂದೇ ಮನೇಲಿ ಇದ್ದು ಬರದೆ ಇರುತ್ತಾ? ಸ್ನಾನ ಮಾಡಿಸುವಾಗ ನೀನು ನನ್ನ ಬೈತಿದ್ದೆಯಲ್ಲ, ಒಳ್ಳೊಳ್ಳೆ ಬೈಗುಳ. ಗೊತ್ತು ಅಂದ್ರೆ ನಿಲ್ಲಿಸಿಬಿಡ್ತೀಯ ಅಂತ ಸುಮ್ಮನಿದ್ದೆ." ಮುದುಕಿ ಮೇಜಿನ ಕಡೆ ತಿರುಗಿದಳು. "ಇವಳು ಇಷ್ಟೊತ್ತೂ ಎರಡೂ ಕಡೆಯೋರಿಗೆ ಸುಳ್ಳು ಹೇಳಿದಾಳೆ. ನೀವಿಬ್ಬರು ಹೇಳಿದ್ದಕ್ಕಿಂತ ಅದೇ ಚೆನ್ನಾಗಿತ್ತು. ನಾನು ಮೊದಲು ಕಲಿತ ನಿಮ್ಮ ಮಾತು ಯಾವುದು ಗೊತ್ತಾ? ‘ಉಣ್ಣೆ ಕಾಲುಚೀಲ ಹಾಕ್ಕೊಂಡ್ಯಾ ಚಿನ್ನಾ?’ ಒಂಬತ್ತು ವರ್ಷ, ದಿನಾ ಸಂಜೆ ಆರಕ್ಕೆ, ಫೋನಲ್ಲಿ. ಬೇಸಿಗೇಲೂ ಕೇಳ್ತಿದ್ಲು, ಹುಚ್ಚಿ. ಫೋನ್ ಇಟ್ಟ ಮೇಲೆ ಅಡುಗೆಮನೇಲಿ ನಲ್ಲಿ ಬಿಟ್ಕೊಂಡು ಅಳೋಳು. ನಲ್ಲಿ ಸದ್ದು ನನಗೆ ಕೇಳ್ತಿತ್ತು. ಬಿಯರ್ ತಪ್ಪು ನನ್ನ ಮಗಂದು, ಅವನಿಗೆ ನಿಮ್ಮ ರಿವಾಜು ತಿಳೀದು. ಮೇದಿಯಾ ವಿಷಯಕ್ಕೆ ನಾನು ಏನೂ ಹೇಳಲ್ಲ, ಗೊತ್ತಿರೋಳು ಹೇಳಲಿ. ಅಲಾವೆರ್ದಿ, ಝುಝುನಾ, ನಿನಗೆ."

ವಾನಿಯ ಆ ಮೇಜಿನಲ್ಲಿ ಹೆಣ್ಣಿನ ಕೈಗೆ ಅಲಾವೆರ್ದಿ ಬಂದದ್ದು ಅದೇ ಮೊದಲು. ಗಂಡಸರು ವಾರ್ದೆನ್‌ನ ಮುಖ ನೋಡಿದರು. ವಾರ್ದೆನ್ ತನ್ನ ಕೈಗಳನ್ನು ನೋಡಿಕೊಂಡ. ಕಸಿದುಕೊಳ್ಳುವ ಹಾಗಿಲ್ಲ.

ಝುಝುನಾ ಏಪ್ರನ್ನಿಗೆ ಕೈ ಒರೆಸಿಕೊಂಡು ಎಡಗೈಯಲ್ಲಿ ಕೊಂಬು ಹಿಡಿದಳು. ಇನ್ನೂ ನಿಂತೇ ಇದ್ದ ಫೋಟಿಸ್‌ನ ಕೈಯಿಂದ ಬಲಗೈಯಲ್ಲಿ ಬಿಯರ್ ಲೋಟ ಕಿತ್ತುಕೊಂಡಳು. ಅವಳಿಗೆ ನಗು ಬರುತ್ತಿತ್ತು.

"ಬಿಯರ್ ಹೇಗೂ ಎತ್ತಿ ಆಗಿದೆ. ವ್ಯರ್ಥ ಮಾಡಬಾರದು" ಎಂದಳು. "ಬಿಯರ್ ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಇದು ಮೇದಿಯಾ ಮಕ್ಕಳನ್ನ ಕೊಂದ್ಲು ಅಂದೋರಿಗೆ! ಮತ್ತೆ, ಝುಝುನಾ ಮಗಳನ್ನ ಬಿಟ್ಟು ಓಡಿಹೋದ್ಲು ಅಂದೋರಿಗೆ! ಹೆಸರು ಹೇಳಲ್ಲ. ಲಾಮಾರಾ, ಯಾಕೆ ಎದೆ ಮುಟ್ಕೋತಿದೀಯ? ನಾನು ಹೆಸರು ಹೇಳಿದ್ನಾ?"

ಎಲ್ಲೋ ಒಬ್ಬಳು ಕಿಸಕ್ಕೆಂದಳು. ನಗು ಹಬ್ಬಿತು, ಲಾಮಾರಾಗೂ ಅಂಟಿತು.

"ಗಂಡ ಬಿಟ್ಟು ಹೋದಾಗ ಅವನಿಗೆ ಪಾಪ ಅಂದೋರಿಗೂ ಇದರಲ್ಲೇ. ನಾನು ಮಗಳನ್ನ ಬಿಟ್ಟು ಹೋದೆ ಅಂತ ಎಲ್ಲರಿಗಿಂತ ಮೊದಲು ಅಂದೋನು ಮೇಜಿನ ತಲೇಲಿ ಕೂತಿದಾನೆ. ನನ್ನ ಮಗಳಿಗೆ ಜಡೆ ಹಾಕಿದೋನು. ಹಿಮದಲ್ಲಿ ಹೊತ್ಕೊಂಡು ನಡೆದೋನು. ಅದಕ್ಕೆ ನಾನು ದಿನಾ ದೇವರ ಹತ್ತಿರ ಅವನ ಹೆಸರು ಹೇಳ್ತೀನಿ. ಆದರೂ ಅಂದ. ಅಣ್ಣಾ, ಇದು ನಿನಗೆ." ಗಟಗಟನೆ ಕುಡಿದು ಲೋಟವನ್ನು ಬೋರಲು ಹಾಕಿದಳು.

ನಗು ನಿಂತಿತು. ಚಪ್ಪರದಿಂದ ಒಂದು ಎಲೆ ಗಸಿಯೊಳಗೆ ಬಿತ್ತು. ಯಾರೂ ತೆಗೆಯಲಿಲ್ಲ.

"ಇನ್ನು ಕೊಂಬು ಮೇದಿಯಾಗೆ. ಅವಳು ಕಳ್ಳಮಾಲಲ್ಲ, ಯಾರೂ ಎತ್ಕೊಂಡು ಹೋಗಲಿಲ್ಲ. ತನ್ನ ಕಾಲಲ್ಲಿ ನಡೆದು ಹಡಗು ಹತ್ತಿದ್ಲು. ನಾನೂ ಬಸ್ಸು ಹಾಗೇ ಹತ್ತಿದ್ದು. ನನ್ನ ಇಯಾನೂ ಹಾಗೇ ಹೊರಟಿದಾಳೆ. ಹೋದ ಕಡೆ ಅವಳಿಗೆ ಒಳ್ಳೇದಾಗಲಿ. ಆಗಲಿಲ್ಲ ಅಂದ್ರೆ ವಾಪಸ್ ಬರೋ ದಾರೀಲಿ ಅವಳಿಗೆ ಯಾರೂ ಕಲ್ಲಿಡದಿರಲಿ. ಮೇದಿಯಾಗೆ ಅಷ್ಟು ಮಾಡಿದ್ದರೆ ಸಾಕಿತ್ತು." ಕೊಂಬನ್ನು ತುಟಿಗಿಟ್ಟವಳು ತಲೆ ಹಿಂದಕ್ಕೆ ಬಾಗಿಸಿದಳು. ತಳ ಕಾಣುವವರೆಗೂ ಇಳಿಸಲಿಲ್ಲ.

ಕೊಂಬು ಬರಿದಾಗಿತ್ತು. ಈಗ ಯಾರು ಬೇಕಾದರೂ ಏಳಬಹುದಿತ್ತು. ವಾರ್ದೆನ್ ಎದ್ದ.

ಅವನು ತನ್ನ ಲೋಟದ ದ್ರಾಕ್ಷಾರಸವನ್ನು ಬಳ್ಳಿಯ ಬುಡಕ್ಕೆ ಸುರಿದ. ಫೋಟಿಸ್‌ನ ಕುರ್ಚಿಯ ಕೆಳಗೆ ಬಗ್ಗಿ ಒಂದು ಬಾಟಲಿ ಎತ್ತಿದ. ಹಲ್ಲಿನಿಂದ ಮುಚ್ಚಳ ಕಿತ್ತು ಲೋಟ ತುಂಬಿಸಿದ. "ವಾರ್ದೆನ್‌ಗೆ" ಎಂದು ತನ್ನ ಹೆಸರನ್ನೇ ಹೇಳಿ, ಕಹಿ ಔಷಧಿ ಕುಡಿಯುವವನಂತೆ ಕಣ್ಣು ಮುಚ್ಚಿ ಬಿಯರ್ ಕುಡಿದ. ಕಣ್ಣು ತೆರೆದಾಗ ಅದು ಒದ್ದೆಯಾಗಿತ್ತು, ಮೇದಿಯಾಗೆ ಸುರಿಸುತ್ತಿದ್ದ ಸಲೀಸಾದ ಕಣ್ಣೀರಿನಿಂದಲ್ಲ. "ತಂಗೀ, ಸಾಕಾ? ಇನ್ನೊಂದು ಲೋಟ ಕುಡೀಬೇಕಾ?"

"ಇನ್ನೊಂದು ಬಾಟಲಿ ಕುಡಿಯೋ ಅಷ್ಟು ಮಾತಾಡಿದೀಯ" ಎಂದಳು ಝುಝುನಾ, ಮೂಗು ಸೊರಸೊರ ಎಳೆದುಕೊಳ್ಳುತ್ತ.

ಲಾಮಾರಾ ಎದ್ದಳು. "ನನಗೂ ಒಂಚೂರು ಹಾಕ್ರೋ. ನಾನೇನು ಕಮ್ಮಿ ಅಂದಿದೀನಾ?" ಆಮೇಲೆ ಅಂಚೆಯವನು ಎದ್ದ, ಶಾಲೆಯ ಮೇಷ್ಟ್ರು ಎದ್ದರು. ಉಳಿದದ್ದು ನಾಲ್ಕು ಬಾಟಲಿ, ಮಾತಾಡಿದವರು ಮೂವತ್ತು ಜನ. ಚಮಚದಲ್ಲಿ ಹಂಚಿದರು. ಚಮಚಕ್ಕೂ ಸಿಗದವರು ನೊರೆಗೆ ಬೆರಳದ್ದಿ ನೆಕ್ಕಿ ತಮ್ಮತಮ್ಮ ಹೆಸರು ಕೂಗಿಕೊಂಡರು. ಏನೂ ಅರ್ಥವಾಗದ ಗ್ರೀಕರು ಇದು ಯಾವುದೋ ಪವಿತ್ರ ವಿಧಿಯೆಂದು ಭಾವಿಸಿ ತಾವೂ ಬೆರಳದ್ದಿದರು.

ಆ ಗದ್ದಲದ ನಡುವೆ ಇಯಾ ಬಂದು ಮಾವನ ಎದುರು ನಿಂತಳು. "ಮಾವಾ, ನಾಳೆ?"

ವಾರ್ದೆನ್ ಲೋಟಕ್ಕೆ ದ್ರಾಕ್ಷಾರಸ ತುಂಬಿಸಿ ಅವಳ ನೆತ್ತಿಯ ಮೇಲೆ ಕೈಯಿಟ್ಟ. "ಉಣ್ಣೆ ಕಾಲುಚೀಲ ತಗೊಂಡು ಹೋಗು. ಸಮುದ್ರದ ಗಾಳಿ" ಎಂದು ಲೋಟ ಬರಿದು ಮಾಡಿದ. ಅಷ್ಟು ಚಿಕ್ಕ ಹಾರೈಕೆಯನ್ನು ಅವನು ಹಿಂದೆಂದೂ ಹೇಳಿರಲಿಲ್ಲ. ಇಯಾ ಅವನ ಕೊರಳಿಗೆ ಜೋತುಬಿದ್ದಳು.

ಫೋಟಿಸ್ ಝುಝುನಾಳ ಭುಜ ತಟ್ಟಿದ. "ಏನಾಯ್ತಮ್ಮಾ? ಏನೇನು ಅಂದ್ರು? ಎಲ್ಲಾ ಬಿಡಿಸಿ ಹೇಳು."

ಅವಳು ಹೇಳಿದಳು. ಮೊದಲಿನಿಂದ, ಗ್ರೀಕಿನಲ್ಲಿ, ಒಂದಕ್ಷರ ಬಿಡದೆ. ದಡ ಸೇರದ ಹಡಗು, ಕಳ್ಳರು, ಹಳೇ ಚಪ್ಪಲಿ, ಮಸಿ, ಬಿಯರ್. ಬಾಗಿಲಷ್ಟು ಅಗಲದ ಮನುಷ್ಯ ಬಾಯಿ ತೆರೆದು ಕೇಳಿದ. ಕೊನೆಗೆ ಅವನ ಮುಖ ಮಗುವಿನ ಮುಖದಂತೆ ಸಪ್ಪಗಾಯಿತು.

"ಹಾಗಾದ್ರೆ, ಆಲಿವ್ ಚೆನ್ನಾಗಿದೆ ಅಂತ ಯಾರೂ ಹೇಳಲೇ ಇಲ್ವಾ?"

ಝುಝುನಾ ಇದನ್ನೂ ಅಣ್ಣನಿಗೆ ಇದ್ದ ಹಾಗೆಯೇ ಹೇಳಿದಳು. ವಾರ್ದೆನ್ ತಟ್ಟೆಯಿಂದ ಒಂದು ಆಲಿವ್ ತೆಗೆದು ಬಾಯಿಗೆ ಹಾಕಿಕೊಂಡ. ಮೇಜೆಲ್ಲ ಅವನ ದವಡೆಯನ್ನೇ ನೋಡಿತು. ನಿಧಾನವಾಗಿ ಅಗಿದು ಬೀಜ ಉಗಿದ.

"ಉಪ್ಪು ಜಾಸ್ತಿ" ಎಂದ. "ಹಾಗಂತಲೇ ಹೇಳು."

ಅವಳು ಹಾಗಂತಲೇ ಹೇಳಿದಳು.